ಲೈನ್ ಮನೆ ಜಗಳ, ಗಿರಿಯ ಕಸ, ಆನೆ ಮೆಸೇಜು: ಮನಶ್ಶಾಸ್ತ್ರದ ಮೇಡಂಗೆ ಪ್ರಶ್ನೆಗಳು

ಪ್ರಶ್ನೆ (ಮೂಡಿಗೆರೆ ಕಡೆಯ ಬೆಳೆಗಾರರು): ಮೇಡಂ, ಕಾಫಿ ತೋಟದಲ್ಲಿ ಊರಿನ ಆಳುಗಳು 16 ಜನ, ಅಸ್ಸಾಂನಿಂದ ಬಂದವರು 18 ಜನ. ಇಬ್ಬರಿಗೂ ಆಗಿಬರಲ್ಲ. ಲೈನ್ ಮನೆ (ಆಳುಗಳ ಸಾಲುಮನೆ) ಹತ್ತಿರ ನಲ್ಲಿ ನೀರಿಗೆ ಜಗಳ, ಕಣದಲ್ಲಿ ಜಗಳ. ಒಟ್ಟಿಗೆ ಬಾಡೂಟ ಹಾಕಿಸಿದರೆ ಆ ಕಡೆ ಈ ಕಡೆ ಕೂತು ಉಂಡು ಎದ್ದರು. ಅವರದೊಂದು ಟೀಮು, ಇವರದೊಂದು ಟೀಮು ಮಾಡಿ ಕ್ರಿಕೆಟ್ ಆಡಿಸಿದರೆ ಕೈ ಕೈ ಮಿಲಾಯಿಸೋ ಮಟ್ಟಕ್ಕೆ ಹೋಯ್ತು. ಬೆರೆತರೆ ಸರಿಹೋಗುತ್ತೆ ಅಂತಾರಲ್ಲ, ಯಾಕೆ ಆಗ್ತಿಲ್ಲ?

ಉತ್ತರ: ಸರ್, ಬೆರೆಸಿದ ರೀತಿಯಲ್ಲೇ ಎಡವಟ್ಟಾಗಿದೆ. 1954ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ ಮತ್ತು ಸಂಗಡಿಗರು 22 ಹುಡುಗರ ಬೇಸಿಗೆ ಶಿಬಿರ ನಡೆಸಿದರು. ಹನ್ನೊಂದರ ಆಸುಪಾಸಿನ ಮಕ್ಕಳು, ಮೊದಲಿನ ಪರಿಚಯವೂ ಇಲ್ಲ, ಹಗೆಯೂ ಇಲ್ಲ. ಎರಡು ಗುಂಪು ಮಾಡಿ, ಹಗ್ಗಜಗ್ಗಾಟ, ಬೇಸ್‌ಬಾಲ್ ಇಟ್ಟು, ಬಹುಮಾನ ಗೆದ್ದವರಿಗೆ ಮಾತ್ರ ಅಂದರು. ಕೆಲವೇ ದಿನಗಳಲ್ಲಿ ಬಾವುಟ ಸುಡುವುದು, ಎದುರು ಗುಂಪಿನ ಬಿಡಾರಕ್ಕೆ ನುಗ್ಗುವುದು ಶುರುವಾಯಿತು. ಆಮೇಲೆ ಒಟ್ಟಿಗೆ ಸಿನಿಮಾ ತೋರಿಸಿದರು, ಒಟ್ಟಿಗೆ ಊಟಕ್ಕೆ ಕೂರಿಸಿದರು. ಊಟದ ಮನೆಯಲ್ಲೇ ಒಬ್ಬರ ಮೇಲೊಬ್ಬರು ತಿಂಡಿ ಎಸೆದಾಡಿದರು. ನಿಮ್ಮ ಬಾಡೂಟದಲ್ಲಿ ಅಷ್ಟಾಗಲಿಲ್ಲವಲ್ಲ, ಅದೇ ಪುಣ್ಯ.

ಮನಸ್ಸು ತಿರುಗಿದ್ದು ಬೇರೆ ಕಡೆ. ಶಿಬಿರಕ್ಕೆ ಬರುವ ನೀರು ನಿಂತಿತು, ಎಲ್ಲಿ ಕಟ್ಟಿದೆ ಅಂತ ಎಲ್ಲರೂ ಸೇರಿ ಹುಡುಕಬೇಕಾಯಿತು. ಊಟ ತರಬೇಕಾದ ಲಾರಿ ಸ್ಟಾರ್ಟ್ ಆಗಲಿಲ್ಲ, ಹಗ್ಗಜಗ್ಗಾಟದ ಅದೇ ಹಗ್ಗ ಕಟ್ಟಿ ಎರಡೂ ಗುಂಪು ಒಂದೇ ಕಡೆಗೆ ಎಳೆದವು. (ಈ ತೊಂದರೆಗಳನ್ನೆಲ್ಲ ಸಂಶೋಧಕರೇ ಹೂಡಿದ್ದು.) ಒಂದೇ ಸಲಕ್ಕೆ ಏನೂ ಆಗಲಿಲ್ಲ. ಇಂಥವು ಹಲವು ಆದಮೇಲೆ ಹಗೆ ಇಳಿಯಿತು.

ಕ್ರಿಕೆಟ್ ವಿಷಯಕ್ಕೆ ನಮ್ಮ ದೇಶದ್ದೇ ಸಾಕ್ಷಿ ಇದೆ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ಸೇರಿಸಿ ಲೀಗ್ ಆಡಿಸಿದರು, ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದೇ ತಂಡದಲ್ಲಿ ಬೆರೆತು ಆಡಿದವರಲ್ಲಿ ಜಾತಿ ದಾಟಿದ ಸ್ನೇಹ ಹೆಚ್ಚಿತು. ಎದುರಾಳಿಗಳಾಗಿ ಮಾತ್ರ ಸಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ. ನೀವು ಆಡಿಸಿದ್ದು ಎರಡನೇ ಬಗೆ.

ಬೆರೆತು ಹಗೆ ಇಳಿಯಬೇಕಾದರೆ ಏನಿರಬೇಕು ಅಂತ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ನಾಲ್ಕು ಷರತ್ತು ಹೇಳಿದ್ದರು: ಆ ಜಾಗದಲ್ಲಿ ಇಬ್ಬರಿಗೂ ಸಮಾನ ಸ್ಥಾನ, ಒಂದೇ ಗುರಿ, ಅದಕ್ಕಾಗಿ ಕೂಡಿ ದುಡಿಯುವುದು, ಮೇಲಿನವರ ಬೆಂಬಲ. ತೋಟಕ್ಕೆ ಇಳಿಸಿದರೆ ಹೀಗೆ. ಒಂದೇ ಕೆಲಸಕ್ಕೆ ಎರಡು ಕೂಲಿ ದರ ಇದ್ದರೆ ಮೊದಲು ಅದನ್ನು ಸರಿಮಾಡಿ, ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ದಂಡ. ಆರೇಳು ಜನರ ತಂಡ ಮಾಡಿ, ಪ್ರತಿ ತಂಡದಲ್ಲೂ ಎರಡೂ ಕಡೆಯವರು ಕನಿಷ್ಠ ಮೂವರಿರಲಿ. ಒಬ್ಬನನ್ನೇ ಸೇರಿಸಿದರೆ ಅವನು ಏನು ಮಾಡಿದರೂ "ಅವರೆಲ್ಲ ಹೀಗೇ" ಅನ್ನುವುದಕ್ಕೆ ಪುರಾವೆ ಆಗಿಬಿಡುತ್ತಾನೆ. ಮೊದಲ ಎರಡು ಮೂರು ವಾರ ಖಂಡಿತ ಮುಗಿಯುವ ಕೆಲಸ ಕೊಡಿ: ಸ್ಪ್ರಿಂಕ್ಲರ್ ಪೈಪ್ ಬದಲಿಸುವುದು, ಕಣದಲ್ಲಿ ಹಣ್ಣು ಹರಡುವುದು. ಕಡಿದಾದ ಬ್ಲಾಕಿನ ಕೊಯ್ಲಿಗೆ ಮೊದಲೇ ಹಾಕಬೇಡಿ. ಕೂಡಿ ಮಾಡಿದ ಕೆಲಸ ಕೆಟ್ಟರೆ ತಪ್ಪೆಲ್ಲ ಎದುರು ಕಡೆಯವರ ತಲೆಗೆ ಬಂದು, ಸಂಬಂಧ ಮೊದಲಿಗಿಂತ ಹದಗೆಡುತ್ತದೆ. ರೈಟರ್ (ತೋಟದ ಲೆಕ್ಕ ಬರೆಯುವವರು), ಮೇಸ್ತ್ರಿ ಇಬ್ಬರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯಲಿ. "ಏ ಅಸ್ಸಾಂ" ಅಂತ ಕೂಗುವ ಮೇಸ್ತ್ರಿ ಇರುವವರೆಗೆ ನಾಲ್ಕನೇ ಷರತ್ತು ಇಲ್ಲ ಅಂತಲೇ ಲೆಕ್ಕ.

ನಲ್ಲಿ ವಿಷಯ: ನೀರು ಸಾಲದಿದ್ದರೆ ಇನ್ನೊಂದು ನಲ್ಲಿ ಹಾಕಿಸಿ. ಅದಕ್ಕೆ ಮನಶ್ಶಾಸ್ತ್ರ ಬೇಡ.

ಅದೇ ಪ್ರಶ್ನೆಗೆ, ಬೇಲೂರಿನಿಂದ: ತಂಡದ ಲೆಕ್ಕ ಅಂದ ಕೂಡಲೇ ಕೆಲವರು ಮೈಗಳ್ಳತನ ಶುರು ಮಾಡಲ್ವಾ?

ಉತ್ತರ: ಮಾಡ್ತಾರೆ. 1979ರಲ್ಲಿ ಮನಶ್ಶಾಸ್ತ್ರಜ್ಞ ಲಾತಾನೆ ಮತ್ತು ಸಂಗಡಿಗರು ಜನರಿಂದ ಚಪ್ಪಾಳೆ ಹೊಡೆಸಿ, ಕೂಗಿಸಿ, ಸದ್ದನ್ನು ಅಳೆದರು. ಒಬ್ಬನೇ ಇದ್ದಾಗಿನ ಸದ್ದು 100 ಎಂದರೆ, ಇಬ್ಬರಿದ್ದಾಗ ತಲಾ 71, ನಾಲ್ವರಲ್ಲಿ 51, ಆರು ಜನರಲ್ಲಿ 40. ಸದ್ದಿಗೆ ಸದ್ದು ಹೊಂದದೆ ಕಳೆದುಹೋಗುವುದೂ ಇದರಲ್ಲಿ ಸೇರಿದೆ. ಆದರೆ ಕಣ್ಣು ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, "ಉಳಿದವರೂ ಕೂಗ್ತಿದ್ದಾರೆ" ಅಂತ ಬರೀ ನಂಬಿಸಿದಾಗಲೂ ಕೂಗು ಇಳಿಯಿತು. ನನ್ನ ಪಾಲು ಎಷ್ಟು ಅಂತ ಯಾರಿಗೂ ಗೊತ್ತಾಗಲ್ಲ ಅನ್ನುವುದೇ ಮುಖ್ಯ ಕಾರಣ. ಹಾಗಾಗಿ ಕೊಯ್ಲಿನಲ್ಲಿ ತೂಕ, ಕೆ.ಜಿ. ಲೆಕ್ಕದ ಕೂಲಿ ಒಬ್ಬೊಬ್ಬರದೇ ಇರಲಿ, ಬೋನಸ್ ಮಾತ್ರ ತಂಡಕ್ಕೆ. ಕಳೆ, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಇಂಥ ತೂಗಲಾಗದ ಕೆಲಸದಲ್ಲಿ ತಂಡದೊಳಗೇ ಸಾಲು ಹಂಚಿಕೊಡಿ.

ಪ್ರಶ್ನೆ (ಅರಸೀಕೆರೆ ತಾಲ್ಲೂಕಿನ ಶಾಲಾ ಶಿಕ್ಷಕಿ): ಶುಕ್ರವಾರ ಹನ್ನೊಂದು ಗಂಟೆಯ ಪೋಷಕರ ಸಭೆಗೆ 40 ಮನೆಯವರಲ್ಲಿ ಒಂಬತ್ತು ಹತ್ತು ಜನ ಬಂದರೆ ಹೆಚ್ಚು. ಕೇಳಿದರೆ "ಮಕ್ಕಳ ಓದು ಮುಖ್ಯ ಮೇಡಂ" ಅಂತಾರೆ. ಇದು ಬೇಜವಾಬ್ದಾರಿ ಅಲ್ಲದೆ ಇನ್ನೇನು?

ಉತ್ತರ: ಬೇರೆಯವರ ನಡತೆಗೆ ಅವರ ಗುಣವನ್ನೇ ಕಾರಣ ಮಾಡಿ, ಸಂದರ್ಭವನ್ನು ಮರೆಯುವುದಕ್ಕೆ ಲೀ ರಾಸ್ 1977ರಲ್ಲಿ "ಆರೋಪಣೆಯ ಮೂಲಭೂತ ತಪ್ಪು" ಎಂಬ ಅರ್ಥದ ಹೆಸರಿಟ್ಟರು. ಈ ತಪ್ಪು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿಲ್ಲ ಎಂದು ತೋರಿಸಿದ ಹೆಸರಾಂತ ಅಧ್ಯಯನ ನಡೆದದ್ದು ನಮ್ಮ ಮೈಸೂರಿನಲ್ಲಿ. ಜೋನ್ ಮಿಲ್ಲರ್ ಮೈಸೂರಿನವರನ್ನೂ ಷಿಕಾಗೋದವರನ್ನೂ, ಪರಿಚಯದವರು ಮಾಡಿದ ಒಳ್ಳೆಯ, ಕೆಟ್ಟ ಕೆಲಸ ಹೇಳಿ ಕಾರಣ ಕೊಡಿ ಎಂದು ಕೇಳಿದರು. 1984ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅಮೆರಿಕದ ವಯಸ್ಕರು ಕೊಟ್ಟ ಕಾರಣಗಳಲ್ಲಿ ಶೇ 40ರಷ್ಟು ಗುಣ ಸ್ವಭಾವದ ಮಾತು. ಮೈಸೂರಿನವರದು ಶೇ 20ಕ್ಕಿಂತ ಕಡಿಮೆ. ಎಂಟು ವರ್ಷದ ಮಕ್ಕಳಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಅಂದರೆ ಇದು ಬೆಳೆಯುತ್ತಾ ಕಲಿತದ್ದು. ಅದರಲ್ಲೊಂದು ಪ್ರಸಂಗ: ವಕೀಲನೊಬ್ಬನ ಬೈಕಿನಿಂದ ಹಿಂದೆ ಕೂತವನು ಬಿದ್ದ. ವಕೀಲ ಅವನನ್ನು ಆಸ್ಪತ್ರೆಗೆ ಬಿಟ್ಟು ಕೋರ್ಟಿಗೆ ಹೋದ. "ಹೊಣೆಗೇಡಿ" ಅನ್ನುವುದು ಅಮೆರಿಕದವರ ವಿವರಣೆ, "ಕೋರ್ಟಿಗೆ ಹೋಗಲೇಬೇಕಿತ್ತು, ಗಾಬರಿಯಲ್ಲಿದ್ದ" ಅನ್ನುವುದು ಇಲ್ಲಿಯವರದು. ನೀವು ಷಿಕಾಗೋ ಕಡೆ ವಾಲಿದ್ದೀರಿ ಮೇಡಂ, ಬೇಜಾರಾಗಬೇಡಿ.

ಇನ್ನೊಂದು ಗಂಟು "ಓದು ಮುಖ್ಯ" ಅನ್ನುವ ಮಾತು. ಅದು ಸುಳ್ಳಲ್ಲ, ಆದರೆ ತೀರಾ ಅಗಲವಾದ ಮಾತು. ಅಷ್ಟು ಅಗಲವಾದ ಅಭಿಪ್ರಾಯದಿಂದ ಶುಕ್ರವಾರ ಹನ್ನೊಂದು ಗಂಟೆಗೆ ಬರುತ್ತಾರೋ ಇಲ್ಲವೋ ಹೇಳಲಾಗದು. ಗರ್ಭನಿರೋಧಕ ಮಾತ್ರೆ ಬಗ್ಗೆ 1979ರ ಒಂದು ಅಧ್ಯಯನದಲ್ಲಿ, ಕುಟುಂಬ ಯೋಜನೆಯ ಬಗೆಗಿನ ಸಾಮಾನ್ಯ ಅಭಿಪ್ರಾಯಕ್ಕೂ ನಿಜವಾದ ಬಳಕೆಗೂ ಸಂಬಂಧ ಬರೀ 0.08 ಇತ್ತು (0 ಅಂದರೆ ಸಂಬಂಧವೇ ಇಲ್ಲ, 1 ಅಂದರೆ ಪೂರ್ತಿ ಸಂಬಂಧ). "ಮುಂದಿನ ಎರಡು ವರ್ಷ ನೀವು ಮಾತ್ರೆ ತೆಗೆದುಕೊಳ್ಳುವುದು ಹೇಗನ್ನಿಸುತ್ತೆ" ಎಂದು ಕೇಳಿದಾಗ ಅದು 0.57ಕ್ಕೆ ಏರಿತು.

ಹಾಗಾಗಿ ಸಭೆ ಸಂತೆ ದಿನಕ್ಕೆ ಬೀಳದಿರಲಿ, ಕೂಲಿ ತಪ್ಪದಿರಲಿ, ಸಂಜೆ ಆರಕ್ಕೆ ಇಟ್ಟು ನೋಡಿ. ಚೀಟಿಯಲ್ಲಿ "ಬನ್ನಿ" ಅಂತ ಮಾತ್ರ ಬರೆಯದೆ, "ನಾನು ___ ದಿನ ___ ಗಂಟೆಗೆ ಬರುತ್ತೇನೆ" ಎಂದು ಅವರೇ ತುಂಬಲಿ, ಓದು ಬರಹ ಬಾರದವರು ಮಗುವಿನ ಕೈಲಿ ಬರೆಸಲಿ. ಅಮೆರಿಕದ ಒಂದು ಕಂಪನಿಯ ನೌಕರರು ಫ್ಲೂ ಲಸಿಕೆಗೆ ಹೀಗೆ ದಿನ, ಗಂಟೆ ಬರೆದುಕೊಂಡಾಗ ಹಾಕಿಸಿಕೊಂಡವರ ಪ್ರಮಾಣ ಶೇ 33ರಿಂದ ಸುಮಾರು 37ಕ್ಕೆ ಹೋಯಿತು. ದೊಡ್ಡ ಏರಿಕೆಯಲ್ಲ, ಆದರೆ ಖರ್ಚಾಗುವುದು ಒಂದು ಹಾಳೆ.

ಪ್ರಶ್ನೆ (ಚಿಕ್ಕಮಗಳೂರು): ಮುಳ್ಳಯ್ಯನಗಿರಿ ದಾರಿಯಲ್ಲಿ ಬೋರ್ಡ್ ಹಾಕಬೇಕೂಂತಿದ್ದೇವೆ. "ಪ್ರತಿ ವಾರ ಸಾವಿರಾರು ಜನ ಕಸ ಎಸೆದು ಗಿರಿ ಹಾಳು ಮಾಡುತ್ತಿದ್ದಾರೆ" ಅಂತ ಬರೆದರೆ ನಾಟುತ್ತಾ?

ಉತ್ತರ: ನಾಟುತ್ತದೆ, ಉಲ್ಟಾ. "ಎಲ್ಲರೂ ಎಸೀತಾರೆ" ಅನ್ನುವುದನ್ನು ನೀವೇ ಸಾರಿದ ಹಾಗಾಯಿತು. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರದ ಚೂರುಗಳಿರುವ ರಾಷ್ಟ್ರೀಯ ಉದ್ಯಾನದಲ್ಲಿ ರಾಬರ್ಟ್ ಚಿಯಾಲ್ಡಿನಿ ತಂಡ ಗುರುತು ಹಾಕಿದ ಚೂರುಗಳನ್ನಿಟ್ಟು ಎರಡು ಫಲಕ ಪರೀಕ್ಷಿಸಿತು. "ಹಿಂದೆ ಬಂದ ಅನೇಕರು ಒಯ್ದಿದ್ದಾರೆ" ಅಂದಾಗ ಶೇ 7.92 ಕಳವು, "ದಯವಿಟ್ಟು ಒಯ್ಯಬೇಡಿ" ಅಂದಾಗ ಶೇ 1.67. "ಇಲ್ಲಿ ಕಸ ಎಸೆಯಬೇಡಿ, ಬಾಟಲಿ ಕೆಳಗಿನ ಬುಟ್ಟಿಗೆ ಹಾಕಿ" ಎಂದಷ್ಟೇ ಬರೆಯಿರಿ. ಬುಟ್ಟಿಯನ್ನು ತುಂಬಿ ಚೆಲ್ಲಲು ಬಿಡಬೇಡಿ. ಚೆಲ್ಲಿದ ಬುಟ್ಟಿ ನಿಮ್ಮ ಫಲಕಕ್ಕಿಂತ ಗಟ್ಟಿಯಾಗಿ ಮಾತಾಡುತ್ತದೆ.

ಪ್ರಶ್ನೆ (ಸಕಲೇಶಪುರ): ಪಕ್ಕದ ಊರಿಗೆ ಆನೆ ಬಂದರೆ ನಮ್ಮ ಗ್ರೂಪಿನಲ್ಲಿ "ಹತ್ತು ಆನೆ ಈ ಕಡೆ ಬರ್ತಿವೆ" ಅಂತ ಓಡುತ್ತೆ. ಏನೂ ಆಗದ ಊರಲ್ಲೇ ಯಾಕೆ ಇಷ್ಟು ಸುಳ್ಳು ಸುದ್ದಿ?

ಉತ್ತರ: 1934ರ ಬಿಹಾರ ಭೂಕಂಪದ ನಂತರ ಮನಶ್ಶಾಸ್ತ್ರಜ್ಞ ಜಮುನಾ ಪ್ರಸಾದ್ ಇದನ್ನೇ ಗಮನಿಸಿದರು. ನಡುಕ ತಟ್ಟಿದ್ದರೂ ಹಾನಿಯಾಗದ ಕಡೆ "ಇನ್ನೂ ದೊಡ್ಡದು ಬರಲಿದೆ" ಎಂಬ ವದಂತಿಗಳು ಹಬ್ಬಿದ್ದವು. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ ಇದನ್ನು ಹೀಗೆ ಓದಿದರು: ಹೆದರಿಕೆ ಇದೆ, ಕಣ್ಣೆದುರು ಕಾರಣ ಇಲ್ಲ. ಆಗ ಮನಸ್ಸು ಆ ಹೆದರಿಕೆಗೆ ತಕ್ಕ ಸುದ್ದಿ ಹುಡುಕಿಕೊಳ್ಳುತ್ತದೆ. ಮನಸ್ಸಿನೊಳಗಿನ ಎರಡು ವಿಷಯ ಒಂದಕ್ಕೊಂದು ಹೊಂದದಿದ್ದರೆ ಮನಸ್ಸು ಹೇಗಾದರೂ ಹೊಂದಿಸಿಕೊಳ್ಳುತ್ತದೆ ಎಂಬ 1957ರ ಅವರ ಸಿದ್ಧಾಂತಕ್ಕೆ (ಕಾಗ್ನಿಟಿವ್ ಡಿಸೊನೆನ್ಸ್) ಬೀಜ ಸಿಕ್ಕಿದ್ದು ಇಲ್ಲೇ.

ಆದ್ದರಿಂದ "ಸುಳ್ಳು, ಹೆದರಬೇಡಿ" ಅಂದರೆ ಸಾಲದು, ಹೆದರಿಕೆ ಹಾಗೇ ಉಳಿಯುತ್ತದೆ. ಖಾಲಿ ಜಾಗಕ್ಕೆ ವಿವರ ತುಂಬಿ. ಆನೆ ಸುದ್ದಿ ಹಾಕುವವರು ನಾಲ್ಕು ಹೇಳಲೇಬೇಕು ಎಂದು ಗ್ರೂಪಿನಲ್ಲಿ ನಿಯಮ ಮಾಡಿ: ಯಾವ ತೋಟ, ಎಷ್ಟು ಹೊತ್ತಿಗೆ, ಕಣ್ಣಾರೆ ಕಂಡವರು ಯಾರು, ಎತ್ತ ಹೋಯಿತು. ತಿದ್ದುವಾಗ ನಿಜವನ್ನು ಮೊದಲು ಬರೆಯಿರಿ, ಸುಳ್ಳನ್ನು ಒಂದೇ ಸಲ ಹೇಳಿ. ಆದರೆ ಹಾಕಿದವನನ್ನು ಗ್ರೂಪಿನಲ್ಲೇ ಬೈಯಬೇಡಿ. ಬೈದರೆ ನಾಳೆ ನಿಜವಾಗಿ ಆನೆ ಕಂಡವನೂ ಸುಮ್ಮನಿರುತ್ತಾನೆ.