ಮರಿಗಿಂತ ಮೊದಲು ಅದರ ತಾಯಿಯನ್ನು ನೋಡಿ ಬನ್ನಿ

ಕುಮಟಾದ ಒಬ್ಬರು ಕೇಳಿದ್ದಾರೆ: ಮಕ್ಕಳಿಗಾಗಿ ಲ್ಯಾಬ್ರಡಾರ್ ಮರಿ ತರಬೇಕು ಅಂತಿದ್ದೇವೆ. ಮಾರುವವರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದಾರೆ. ಅರ್ಧ ದುಡ್ಡು ಹಾಕಿದರೆ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಾರಂತೆ. ಮರಿಗೆ 35 ದಿನ. ನಂಬಬಹುದಾ? ತಂದ ಮೇಲೆ ಹುಷಾರು ತಪ್ಪಿದರೆ ಏನು ಮಾಡಬೇಕು?

ದಯವಿಟ್ಟು ದುಡ್ಡು ಹಾಕಬೇಡಿ. ಯಾಕೆ ಅಂತ ಹೇಳುತ್ತೇನೆ. ನಮ್ಮ ಮನೆಯಲ್ಲೇ ಆಗಿದ್ದು ಇದು.

ನಾವು ಕಾರವಾರದ ಕೋಡಿಬಾಗದವರು. ನಾಲ್ಕು ವರ್ಷದ ಹಿಂದೆ, ಮಳೆ ಹಿಡಿದ ಹೊಸದರಲ್ಲಿ, ಹೀಗೇ ಫೋಟೋ ನೋಡಿ ಮರಿ ತರಿಸಿದೆವು. ಬೆಳಗಿನ ಜಾವ ಬಸ್ಸಿನವರು ಒಂದು ರಟ್ಟಿನ ಡಬ್ಬಿ ಕೈಗೆ ಕೊಟ್ಟರು. ಒಳಗೆ ಒದ್ದೆ ಪೇಪರಿನ ಮೇಲೆ ಮರಿ ಮುದುಡಿ ಮಲಗಿತ್ತು. ಬೆನ್ನೆಲುಬು ಕೈಗೆ ಸಿಗುತ್ತಿತ್ತು, ಹೊಟ್ಟೆ ಮಾತ್ರ ಉಬ್ಬಿತ್ತು. ಚೆನ್ನಾಗಿ ತಿಂದಿದೆ ಅಂದುಕೊಂಡೆವು. ಅದು ಜಂತುಹುಳದ ಹೊಟ್ಟೆ ಅಂತ ಆಮೇಲೆ ಡಾಕ್ಟರು ಹೇಳಿದರು. ಜೊತೆಗೆ ಲಸಿಕೆ ಪುಸ್ತಕವೂ ಇತ್ತು. ಪೆನ್ನಿನಲ್ಲಿ ಒಂದು ತಾರೀಕು ಬರೆದಿದ್ದರು, ಅಷ್ಟೇ. ಲಸಿಕೆ ನಿಜವಾಗಿ ಹಾಕಿದ್ದರೆ ಬಾಟಲಿಯ ಚಿಕ್ಕ ಸ್ಟಿಕ್ಕರ್ ಅಂಟಿಸಿರುತ್ತಾರೆ, ಅದರ ಮೇಲೆ ಬ್ಯಾಚ್ ನಂಬರ್ ಇರುತ್ತದೆ, ಪಕ್ಕದಲ್ಲಿ ಡಾಕ್ಟರ ಸಹಿ ಇರುತ್ತದೆ. ನಮಗೆ ಅದೆಲ್ಲ ಗೊತ್ತಿರಲಿಲ್ಲ.

ನಾಲ್ಕನೇ ದಿನ ಸಂಜೆ ಮರಿ ಊಟ ಬಿಟ್ಟಿತು. ರಾತ್ರಿ ಹಳದಿ ನೊರೆ ವಾಂತಿ. ಜಾಗ ಬದಲಾಗಿದ್ದಕ್ಕೆ ಹೀಗಾಗುತ್ತದೆ, ಬೆಳಗ್ಗೆ ಸರಿಹೋಗುತ್ತದೆ ಅಂದರು ಯಾರೋ. ಗಂಜಿ ತಿಳಿ ಕುಡಿಸಿದೆವು, ಅದನ್ನೂ ಕಕ್ಕಿತು. ಬೆಳಕು ಹರಿಯುವಾಗ ರಕ್ತ ಬೆರೆತ ಭೇದಿ. ಆ ನಾತ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಪಶು ಆಸ್ಪತ್ರೆಯಲ್ಲಿ ಮಲದ ಪರೀಕ್ಷೆ ಮಾಡಿದರು, ಹತ್ತು ನಿಮಿಷದಲ್ಲಿ ಪಟ್ಟಿಯ ಮೇಲೆ ಎರಡು ಗೆರೆ ಬಂತು. ಪಾರ್ವೋ, ಮರಿಗಳ ಕರುಳಿಗೆ ಹತ್ತುವ ವೈರಸ್ ಕಾಯಿಲೆ. ಡ್ರಿಪ್ ಹಾಕಿದರು. ಎರಡು ದಿನ ಉಸಿರು ಹಿಡಿದುಕೊಂಡಿತ್ತು, ಮೂರನೇ ದಿನ ಹೋಯಿತು. ಮಗಳು ಹೆಸರಿಟ್ಟು ವಾರವಾಗಿತ್ತು ಅಷ್ಟೇ. ಮಾರಿದವರಿಗೆ ಫೋನ್ ಮಾಡಿದರೆ, ನಮ್ಮಲ್ಲಿದ್ದಾಗ ಚೆನ್ನಾಗೇ ಇತ್ತು ಅಂದರು. ಆಮೇಲೆ ಫೋನೇ ಎತ್ತಲಿಲ್ಲ.

ಪಾರ್ವೋ ವೈರಸ್ ಒಳಗೆ ಹೋದ ಮೇಲೆ ಕಾಯಿಲೆ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಹಾಗಾಗಿ ಕೊಡುವ ದಿನ ಮರಿ ಕುಣಿದಾಡುತ್ತಿದ್ದರೂ ಸುಮ್ನೆ ಸಮಾಧಾನ ಪಟ್ಟುಕೊಳ್ಳಬೇಡಿ. ಅದು ಎಲ್ಲಿ ಬೆಳೆದಿದೆ ಅನ್ನೋದನ್ನೇ ನೋಡಬೇಕು.

35 ದಿನದ ಮರಿಯನ್ನು ಮಾರುವುದೇ ತಪ್ಪು. ಕೇಂದ್ರ ಸರ್ಕಾರದ 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮದಲ್ಲಿ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬ್ರೀಡರ್, ಅಂದರೆ ನಾಯಿ ಸಾಕಿ ಮರಿ ಮಾರುವವರು, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆ ಪತ್ರ ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ನಾಯಿಗಳ ತಳಿ ದಾಖಲಿಸುವ ಕೆನಲ್ ಕ್ಲಬ್ಬಿನ ಸರ್ಟಿಫಿಕೇಟ್ ಇದೆ ಅಂದರೆ ಜಾತಿ ಗೊತ್ತಾಗುತ್ತದೆ, ಆರೋಗ್ಯ ಗೊತ್ತಾಗುವುದಿಲ್ಲ.

ಎಷ್ಟೇ ದೂರವಾದರೂ ಅವರ ಮನೆಗೇ ಹೋಗಿ. ತಾಯಿಯನ್ನು ತೋರಿಸಿ ಅನ್ನಿ. ತಂದೆ ಬೇರೆ ಊರಿನಲ್ಲಿರಬಹುದು, ಪರವಾಗಿಲ್ಲ. ತಾಯಿ ಇಲ್ಲಿಲ್ಲ, ನೆಂಟರ ಮನೆಯಲ್ಲಿದೆ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ತಾಯಿಯ ಮೊಲೆ ಇಳಿಬಿದ್ದಿರಬೇಕು, ಮರಿಗಳು ಅದರ ಹತ್ತಿರ ಓಡಬೇಕು. ಮನೆಯವರು ಕರೆದಾಗ ಅದು ಬಾಲ ಅಲ್ಲಾಡಿಸುತ್ತಾ ಬರುತ್ತದೋ, ಮೂಲೆ ಸೇರುತ್ತದೋ ನೋಡಿ. ಇದು ಎಷ್ಟನೇ ಸೂಲು ಅಂತ ಕೇಳಿ. ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಆಗಬಾರದು. ಲ್ಯಾಬ್ರಡಾರ್ ಆದ್ದರಿಂದ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಮಾಡಿಸಿದ್ದೀರಾ ಅಂತಲೂ ಕೇಳಿ, ಆ ಕೀಲಿನ ತೊಂದರೆ ವಂಶದಲ್ಲಿ ಬರುತ್ತದೆ. ಮಾಡಿಸಿಲ್ಲದೇ ಇರಬಹುದು, ಆದರೆ ಅವರು ಕೊಡುವ ಉತ್ತರದಲ್ಲೇ ಎಷ್ಟೋ ತಿಳಿಯುತ್ತದೆ. ಒಳ್ಳೆಯವರು ನಿಮ್ಮನ್ನೂ ಪ್ರಶ್ನೆ ಕೇಳುತ್ತಾರೆ: ಮನೆಯಲ್ಲಿ ಹಗಲು ಯಾರಿರುತ್ತಾರೆ, ಅಂಗಳ ಇದೆಯಾ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ. ನಮಗೆ ಮೊದಲ ಮರಿ ಮಾರಿದವರು ದುಡ್ಡು ಯಾವಾಗ ಹಾಕುತ್ತೀರಿ ಅಂತ ಬಿಟ್ಟು ಬೇರೇನೂ ಕೇಳಲಿಲ್ಲ.

ಈಗ ಕಾಯಿಲೆ ವಿಷಯ. ಶಿರಸಿ ಹತ್ತಿರ ತೋಟದ ಮನೆಯಲ್ಲಿರುವ ನಮ್ಮ ಅಕ್ಕನ ಮರಿಗೂ ಮರುವರ್ಷ ಪಾರ್ವೋ ಬಂತು. ಅದು ಉಳಿಯಿತು. ನಮ್ಮ ಕಥೆ ಕೇಳಿದ್ದರಿಂದ ಅವಳು ಕಾಯಲಿಲ್ಲ. ಎರಡನೇ ವಾಂತಿಗೇ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಹೋದಳು. ಅಲ್ಲಿ ಅವರು ತೋರಿಸಿಕೊಟ್ಟದ್ದನ್ನು ನನಗೂ ಹೇಳಿದಳು. ಭುಜದ ಮೇಲಿನ ಚರ್ಮ ಎತ್ತಿ ಬಿಟ್ಟರೆ ತಟ್ಟನೆ ಕೂರಬೇಕು. ಒಸಡನ್ನು ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಚರ್ಮ ಗೋಪುರದ ಹಾಗೆ ನಿಂತರೆ, ಒಸಡು ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಅರ್ಥ.

ಪಾರ್ವೋ ವೈರಸ್ಸನ್ನೇ ಸಾಯಿಸುವ ಮಾತ್ರೆ ಅಂತ ಮನೆಯಲ್ಲಿ ಕೊಡುವಂಥದ್ದಿಲ್ಲ. ಡ್ರಿಪ್, ವಾಂತಿ ನಿಲ್ಲಿಸುವ ಇಂಜೆಕ್ಷನ್, ಬೇರೆ ಸೋಂಕು ಹತ್ತದ ಹಾಗೆ ಆ್ಯಂಟಿಬಯೋಟಿಕ್, ಮೈ ಬೆಚ್ಚಗಿಡುವುದು. ಇಷ್ಟರಲ್ಲಿ ಮರಿಯ ಮೈಯೇ ಗೆಲ್ಲಬೇಕು. ಅಕ್ಕ ಐದು ದಿನ ಬೆಳಗ್ಗೆ ಸಂಜೆ ಓಡಾಡಿದಳು. ರಾತ್ರಿ ಕರೆಂಟ್ ಇಲ್ಲ, ಬಿಸಿನೀರಿನ ಬಾಟಲಿಗೆ ಹಳೆ ಪಂಚೆ ಸುತ್ತಿ ಪಕ್ಕದಲ್ಲಿಟ್ಟು ಎರಡೆರಡು ಗಂಟೆಗೆ ಎದ್ದು ಬದಲಾಯಿಸಿದಳು. ಐದನೇ ದಿನ ಅದು ತಾನಾಗಿ ಎದ್ದು ಬಂದು ಅವಳ ಅಂಗೈಯಿಂದ ನಾಲ್ಕು ಹನಿ ನೀರು ನೆಕ್ಕಿತಂತೆ. ಅರ್ಧ ಗಂಟೆ ಉಸಿರು ಬಿಗಿ ಹಿಡಿದು ಕೂತಿದ್ದಾಳೆ. ಕಕ್ಕಲಿಲ್ಲ. ನನಗೆ ಫೋನ್ ಮಾಡಿ ಅತ್ತುಬಿಟ್ಟಳು.

ವಾಂತಿಯೆಲ್ಲ ಪಾರ್ವೋ ಅಲ್ಲ. ಹುಳದಿಂದಲೂ ಆಗುತ್ತದೆ, ದನದ ಹಾಲು ಒಗ್ಗದೆಯೂ ಆಗುತ್ತದೆ. ಆದರೆ ಅದನ್ನು ಡಾಕ್ಟರು ಹೇಳಲಿ. ಮನುಷ್ಯರ ಭೇದಿ ಮಾತ್ರೆ, ಪ್ಯಾರಾಸಿಟಮಾಲ್ ಕೊಡಬೇಡಿ. ವಾಂತಿ ಮಾಡುವಾಗ ಬಲವಂತವಾಗಿ ಏನನ್ನೂ ಬಾಯಿಗೆ ಹಾಕಬೇಡಿ. ದೊಡ್ಡ ಆಸ್ಪತ್ರೆ ಬೇಕು ಅಂತ ಡ್ರಿಪ್ ಕೂಡ ಹಾಕಿಸದೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೊರಡಬೇಡಿ, ಮೊದಲು ಹತ್ತಿರದವರಿಗೆ ತೋರಿಸಿ. ಭಾನುವಾರ ಸಿಗುವ ಡಾಕ್ಟರ ನಂಬರ್ ಮರಿ ಬರುವ ಮೊದಲೇ ನಿಮ್ಮ ಫೋನಿನಲ್ಲಿರಲಿ.

ಮರಿ ಹೋದ ಮೇಲೆ ನಾವು ನೆಲವನ್ನು ಫಿನಾಯಿಲ್ ಹಾಕಿ ಉಜ್ಜಿದ್ದೆವು. ಅದಕ್ಕೆ ಈ ವೈರಸ್ ಸಾಯುವುದಿಲ್ಲ. ಮೊದಲು ಸೋಪಿನಲ್ಲಿ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆಲ ಒದ್ದೆಯಾಗಿರುವಂತೆ ಬಿಡಬೇಕು. ಅಂಗಳದ ಮಣ್ಣಿಗೆ ಹೀಗೆ ಮಾಡಲಾಗುವುದಿಲ್ಲ, ಅಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ನಾವು ಒಂದು ವರ್ಷ ಕಾದು ಆಮೇಲೆ ಇನ್ನೊಂದು ಮರಿ ತಂದೆವು. ನಿಮ್ಮ ಮನೆಯಲ್ಲಾಗಲಿ ಪಕ್ಕದಲ್ಲಾಗಲಿ ಇತ್ತೀಚೆಗೆ ಮರಿ ಸತ್ತಿದ್ದರೆ ಇದನ್ನು ಯೋಚಿಸಿ.

ಲಸಿಕೆ ಒಂದು ಸಲಕ್ಕೆ ಮುಗಿಯುವುದಿಲ್ಲ. ತಾಯಿಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿರುವ ತನಕ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವ ತನಕ ಹಾಕಿಸಬೇಕು. ಅಲ್ಲಿಯವರೆಗೆ ಬೀದಿಯಲ್ಲಿ, ಕಡಲ ದಂಡೆಯಲ್ಲಿ ಬಿಡಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಯ ಉಚ್ಚೆಯಿಂದ ಇಲಿಜ್ವರ, ಅಂದರೆ ಲೆಪ್ಟೋ, ನಾಯಿಗೂ ಬರುತ್ತದೆ. ಲೆಪ್ಟೋ ಸೇರಿದ ಲಸಿಕೆಯೇ ಬೇಕು ಅಂತ ಹೇಳಿ, ರಾತ್ರಿ ಅನ್ನದ ತಟ್ಟೆ ಹೊರಗೆ ಬಿಡಬೇಡಿ.

ಇನ್ನು ಮೂರು ವಾರ ಕಾಯಿರಿ ಅಂತ ಮಕ್ಕಳಿಗೆ ಹೇಳುವುದು ಕಷ್ಟ, ಗೊತ್ತು. ಆ ಮೂರು ವಾರದಲ್ಲಿ ಅವರನ್ನೂ ಕರೆದುಕೊಂಡು ಒಮ್ಮೆ ತಾಯಿನಾಯಿಯನ್ನು ನೋಡಿ ಬನ್ನಿ. ಎಲ್ಲ ಸರಿ ಅನ್ನಿಸಿದರೆ, ಮರಿ ತರುವ ದಿನ ಅದು ತಿನ್ನುತ್ತಿದ್ದ ಊಟವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ. ತಾಯಿ ಮಲಗುವ ಬಟ್ಟೆಯ ಒಂದು ತುಂಡೂ ಕೇಳಿ. ಮೊದಲ ರಾತ್ರಿ ಅದನ್ನು ಮೂಗಿನ ಹತ್ತಿರ ಇಟ್ಟರೆ ಮರಿಯ ಅಳು ಕಡಿಮೆಯಾಗುತ್ತದೆ.