ಮನ್ಯಾಗ ನಾಯಿಮರಿ ತಂದೀವಿ, ಶಿಸ್ತು ಹೆಂಗ ಕಲಿಸೋದ್ರಿ? ಅನುಭವ ಇದ್ದವರು ಹೇಳ್ರಿ

ಧಾರವಾಡ ಮಾಳಮಡ್ಡಿಯಿಂದ:
ನಮ್ಮ ಲ್ಯಾಬ್ರಡಾರ್ ಮರಿಗೆ ಈಗ ಮೂರೂವರಿ ತಿಂಗಳು. ಹಾಲ್‌ನ್ಯಾಗ ಉಚ್ಚಿ ಹೊಯ್ತದ, ಅತ್ತಿಯವರ ಸೀರಿ ನೆರಿಗಿ ಹಿಡದು ಜಗ್ತದ, ಯಾರರೆ ಬಂದ್ರ ಮೈಮ್ಯಾಲ ಹಾರ್ತದ. ಪೇಪರ್ ಸುರುಳಿ ಸುತ್ತಿ ಎರಡು ಕೊಟ್ರ ಸರಿ ಆಗ್ತದ ಅಂತಾರ ನಮ್ಮ ಮನಿಯವರು. ನನಗ ಕೈ ಬರವಲ್ದು. ಏನ್ ಮಾಡ್ಲಿ?

ಹುಬ್ಬಳ್ಳಿ ಕೇಶ್ವಾಪುರದಿಂದ:
ಅಕ್ಕಾರ, ಹೊಡೀಬ್ಯಾಡ್ರಿ. ನಾವು ಆ ತಪ್ಪು ಮಾಡೀವಿ. ಮೊದಲಿನ ನಾಯಿ ಒಳಗ ಉಚ್ಚಿ ಹೊಯ್ದಾಗೆಲ್ಲ ಅದರ ಮೂಗು ಅಲ್ಲೇ ತಿಕ್ಕಿ ಬಡೀತಿದ್ವಿ. ಅದು ಕಲ್ತಿದ್ದು ಏನಂದ್ರ, ಇವರ ಎದುರಿಗೆ ಹೊಯ್ಯಬಾರ್ದು ಅಂತ. ಆಮ್ಯಾಲ ಜ್ವಾಳದ ಚೀಲದ ಹಿಂದ ಹೋಗಿ ಹೊಯ್ಯಾಕ ಹತ್ತಿತು. ಹೊರಗ ಕರಕೊಂಡು ಹೋದ್ರ ನಮ್ಮ ಮಾರಿ ನೋಡಕೋತ ನಿಲ್ಲೋದು, ಒಂದು ಹನಿ ಬಿಡ್ತಿದ್ದಿಲ್ಲ. ಆ ಅಂಜಿಕಿ ಹೋಗಾಕ ಆರು ತಿಂಗಳ ಹಿಡೀತು. ನೆನಸಿದ್ರ ಈಗೂ ಹೊಟ್ಯಾಗ ಸಂಕಟ ಆಗ್ತೈತಿ.

ಎರಡನೇ ಮರಿಗೆ ವ್ಯಾಳ್ಯಾ ಹಿಡದ್ವಿ. ನಿದ್ದಿಯಿಂದ ಎದ್ದ ಕೂಡಲೆ, ಉಂಡು 10-15 ನಿಮಿಷಕ್ಕ, ಆಡಿ ದಣದ ಮ್ಯಾಲ, ರಾತ್ರಿ ಮಲಗೂ ಮುಂದ, ಎತ್ತಿಕೊಂಡು ಹಿತ್ತಲದ ಪೇರಲ ಗಿಡದ ಬುಡಕ್ಕ. ದಿನಾ ಅದ ಜಾಗ. ಹೊಯ್ದು ಮುಗಿಸಿದ ಕ್ಷಣಕ್ಕ ‘ಭೇಷ್’ ಅಂದು ಉಗುರಿನಷ್ಟು ಖಡಕ್ ರೊಟ್ಟಿ ಚೂರು ಅಲ್ಲೇ ಬಾಯಾಗ. ಒಳಗ ಬಂದು ಕೊಟ್ರ ಉಪಯೋಗಿಲ್ಲ, ಬಾಗಲಾ ದಾಟಿದ್ದಕ್ಕ ಸಿಕ್ಕತು ಅಂತ ತಿಳಕೋತೈತಿ. ನಿಮ್ಮ ಮರಿ ವಯಸ್ಸಿಗೆ ಹಗಲಿನ್ಯಾಗ 3-4 ತಾಸಿನ ಮ್ಯಾಲ ತಡಕೊಳ್ಳಾಕ ಆಗಂಗಿಲ್ರಿ, ಅದು ಹಟ ಅಲ್ಲ.

ಫಿನೈಲ್‌ಲೆ ಒರಸ್ತಿದ್ರ ಬಿಡ್ರಿ. ನಮಗ ವಾಸನಿ ಹೋದಂಗ ಆಗ್ತೈತಿ, ಅದರ ಮೂಗಿಗೆ ಹೋಗಿರಂಗಿಲ್ಲ, ಮತ್ತ ಅಲ್ಲೇ ಬರ್ತೈತಿ. ಪಾದಕ್ಕ ಹತ್ತಿದ ಫಿನೈಲ್ ನೆಕ್ಕಿದ್ರ ಅದಕ್ಕ ಅಪಾಯನೂ ಹೌದು. ನಾಯಿ ಸಾಮಾನಿನ ಅಂಗಡ್ಯಾಗ ಎನ್‌ಜೈಮ್ ಇರೋ ಕ್ಲೀನರ್ ಸಿಗ್ತೈತಿ, ಅದನ್ನ ಹಾಕ್ರಿ.

ಗದಗದಿಂದ:
ಸೀರಿ ಜಗ್ಗೂದು ಸಿಟ್ಟಿಗಲ್ರಿ. 4 ತಿಂಗಳ ಆಜೂಬಾಜೂ ಹಾಲಹಲ್ಲು ಬೀಳಾಕ ಚಾಲೂ ಆಗಿ 6-7 ತಿಂಗಳಿಗೆ ಹೊಸಾ ಹಲ್ಲು ಪೂರ್ತಿ ಬರ್ತಾವ. ಅಲ್ಲೀಮಟ ವಸಡು ಚಡಪಡಿಸ್ತೈತಿ. ಮ್ಯಾಲ ನೆರಿಗಿ ಅಳ್ಳಾಡೋದು ಕಂಡ್ರ ಅದಕ್ಕ ಬ್ಯಾಟಿ. ನಮ್ಮವ್ವ ಮೊದಮೊದಲು ‘ಹಚಾ ಹಚಾ’ ಅಂತ ಸೀರಿ ಎಳಕೊಳ್ಳಾಕಿ. ಅಕಿ ಎಳದಷ್ಟೂ ಅದಕ್ಕ ಹಗ್ಗ-ಜಗ್ಗಾಟ. ಆಮ್ಯಾಲ ಹೇಳಿದೆ, ಯವ್ವಾ, ಕೈ ಕಟ್ಟಿ ಕಂಬದಂಗ ನಿಂತಬಿಡು, ಅದರ ಕಡೆ ನೋಡಬ್ಯಾಡ. ತುಳಸಿಕಟ್ಟಿ ಮುಂದ ಆರತಿ ತಾಟು ಹಿಡಕೊಂಡು ಹಂಗ ನಿಂತಿದ್ಲು. ಮರಿ ಎರಡು ಸಲ ಜಗ್ಗಿ, ಮ್ಯಾಲ ನೋಡಿ, ಬಾಯಿ ಬಿಟ್ಟು ಕುಂತಿತು. ಬಿಟ್ಟ ಕೂಡಲೆ ಕಡ್ಯಾಕ ಬ್ಯಾರೆ ಏನರೆ ಕೊಡಬೇಕು. ಹಳೇ ಟವೆಲ್ ಹಸಿ ಮಾಡಿ ಗಂಟು ಹಾಕಿ ಫ್ರೀಜರಿನ್ಯಾಗ ಇಟ್ಟಿರ್ರಿ, ವಸಡಿಗೆ ತಂಪು. ಬಾಜೂಕ ಇದ್ದು ಕೊಡ್ರಿ, ಚಿಂದಿ ನುಂಗಬಾರ್ದು.

ನಮ್ಮದು ಮುಧೋಳ ನಾಯಿ. ಕಣ್ಣಿಗೆ ಬಿದ್ದದ್ದನ್ನ ಅಟ್ಟೂ ಜಾತಿ, ಎಷ್ಟ ಕಲ್ತಿದ್ರೂ ಭೀಷ್ಮ ಕೆರಿ ದಂಡಿಗೆ ನಾ ಹಗ್ಗ ಬಿಚ್ಚಂಗಿಲ್ಲ. ಲ್ಯಾಬ್ರಡಾರ್‌ಗೆ ತಿನ್ನೂ ಆಸೆ ಬಾಳ, ಅದ ನಿಮಗ ಅನುಕೂಲ. ಕಲಿಸುವಾಗ ತಿನ್ನಾಕ ಕೊಟ್ಟಷ್ಟು ಊಟದಾಗ ಕಮ್ಮಿ ಮಾಡ್ರಿ, ಲಗೂನ ಮೈ ಬರ್ತೈತಿ.

ಇನ್ನೊಂದು, ರೇಬೀಸ್ ಲಸಿಕಿ 3 ತಿಂಗಳಿಗೆ ಹಾಕಿಸಬೇಕು, ಹಾಕ್ಸೀರಿ ಹೌದಲ್ರಿ? ಹಲ್ಲು ತಾಗಿ ರಕ್ತ ಬಂದ್ರ ಸಬಕಾರ ಹಚ್ಚಿ 15 ನಿಮಿಷ ಹರಿಯೋ ನೀರಾಗ ತೊಳದು ಡಾಕ್ಟರ್ ಕಡೆ ಹೋಗ್ರಿ. ಮರಿ ಅಂತ ಬಿಡಬ್ಯಾಡ್ರಿ.

ಹಾವೇರಿಯಿಂದ:
ಹಾರೋದಕ್ಕ ನಾ ಹೇಳ್ತೀನಿ. ‘ಏ ಬ್ಯಾಡ’ ಅಂತ ಕೈಲೆ ದೂಡಿದ್ರೂ ಅದಕ್ಕ ಬೇಕಾದ್ದು ಸಿಕ್ಕಂಗ ಆತು. ಬೆನ್ನು ತಿರುಗಿಸ್ರಿ. ನಾಲ್ಕೂ ಕಾಲು ನೆಲಕ್ಕ ಹತ್ತಿದ ಮ್ಯಾಲ ಬಗ್ಗಿ ಮಾತಾಡಸ್ರಿ. ಓಣಿ ಹುಡುಗಗ ಹೇಳಿ ಸಂಜೀಕ ಹತ್ತು ಹತ್ತು ಸಲ ಬೆಲ್ ಒತ್ತಿಸಿ ನಾವು ರೂಢಿ ಮಾಡಸಿದ್ವಿ.

ನಮಗ ಅಡ್ಡ ಬಂದಿದ್ದು ನಾಯಿ ಅಲ್ಲ, ಮನಿ ಮಂದಿ. ನಾನು ‘ಕುಂದ್ರು’ ಅಂತಿದ್ದೆ, ಮಗ ‘ಸಿಟ್’, ಬೆಳಗಾವಿಯಿಂದ ಬಂದ ನಮ್ಮ ವೈನಿ ಮರಾಠಿಯೊಳಗ ‘ಬಸ್’. ಅದು ಯಾರ ಮಾತು ಕೇಳಬೇಕು? ಎಲ್ಲಾರೂ ‘ಕುಂದ್ರು’ ಅನ್ನೂದು ಅಂತ ಠರಾಯಿಸಿ ಕ್ಯಾಲೆಂಡರ್ ಮ್ಯಾಲ ಬರದ ಹಾಕಿದೆ. ಮಾವನವರು ಊಟಕ್ಕ ಕುಂತಾಗ ಸುಮ್ಮನ ತುತ್ತು ಒಗೀತಿದ್ರು, ಅವರಿಗೂ ಕೈ ಮುಗದು ಬಿಡಸಿದೆ. ಗಿರ್ಮಿಟ್ ಅಂತೂ ಕೊಡಲೇಬ್ಯಾಡ್ರಿ, ಉಳ್ಳಾಗಡ್ಡಿ ಇರ್ತೈತಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಮನೂಕ, ಚಾಕಲೇಟ್ ನಾಯಿಗೆ ವಿಷ ಇದ್ದಂಗ.

ಮಾಳಮಡ್ಡಿಯಿಂದ, 3 ವಾರದ ಮ್ಯಾಲ:
ಎಲ್ಲಾರಿಗೂ ಬಾಳ ಉಪಕಾರ ಆತ್ರಿ. ಲಸಿಕಿ ಆಗ್ಯದ. ಒಳಗ ಹೊಯ್ಯೋದು ದಿನಕ್ಕ ಐದಾರು ಸಲ ಇದ್ದದ್ದು ಎರಡು ದಿನಕ್ಕೊಮ್ಮೆ ಆಗ್ಯದ. ಮಳಿ ಬಂದ್ರ ಮಾತ್ರ ಹಿತ್ತಲಕ್ಕ ಇಳ್ಯಾಕ ಒಲ್ಲೆ ಅಂತದ, ಅದಕ್ಕ ಛತ್ರಿ ಹಿಡಕೊಂಡು ನಾನೂ ಬಾಜೂಕ ನಿಲ್ತೀನಿ. ಅತ್ತಿಯವರ ಸೆರಗಿನ ಗಂಟಿನ್ಯಾಗ ಈಗ ಗಜ್ಜರಿ ಚೂರು ಇರ್ತಾವ. ನಿನ್ನೆ ಪೋಸ್ಟಮನ್ ಬಂದಾಗ ಅತ್ತಿಯವರ ‘ಕುಂದ್ರು’ ಅಂದ್ರು. ಬಾಲಾ ನೆಲಕ್ಕ ಬಡಕೋತ ಕುಂತಿತ್ರಿ, ಪೋಸ್ಟಮನ್ ಗೇಟ್ ದಾಟಿ ಹೋಗೋ ತನಕ.