ಆಪರೇಷನ್ ಗಾಯಕ್ಕೆ 'ನಂಜು' ಅನ್ನಬಹುದಾ?

ನಮಸ್ಕಾರ. ಆಪರೇಷನ್ ಆಗಿ ಮನೆಗೆ ಹೋಗುವವರ ಕೈಗೆ ಕೊಡೋಕೆ ಒಂದು ಹಾಳೆಯಷ್ಟು ತಿಳಿವಳಿಕೆ ಬರೆಯುತ್ತಿದ್ದೇನೆ. ಓದುವವರು ಹೆಚ್ಚಾಗಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿಯವರು. ಇನ್‌ಫೆಕ್ಷನ್‌ಗೆ ಯಾವ ಪದ ಹಾಕಲಿ?

'ಸೋಂಕು' ಇದೆ, ಸರಿ. ಆದರೆ ಕೊರೊನಾ ಆದಮೇಲೆ ಸೋಂಕು ಅಂದರೆ ಪಕ್ಕದವರಿಂದ ಅಂಟಿದ್ದು ಅಂತಲೇ ಜನ ತಿಳಿಯುತ್ತಾರೆ. ಗಾಯಕ್ಕೆ ಇಳಿಯೋದು ಎಷ್ಟೋ ಸಲ ರೋಗಿಯ ಚರ್ಮದ ಮೇಲೇ ಇದ್ದ ರೋಗಾಣು. ನಮ್ಮಲ್ಲಿ ಬಾಯಿಗೆ ಬರೋದು 'ನಂಜು'. 'ಗಾಯ ನಂಜಾಗಿದೆ' ಅಂದರೆ ಸಾಕು, ಕೆಂಪಗೆ ಊದಿದ್ದು, ಬಿಸಿ, ಕೀವು ಎಲ್ಲಾ ಅರ್ಥವಾಗುತ್ತದೆ.

ತೊಡಕು ಏನೆಂದರೆ ಊಟಕ್ಕೂ ಅದೇ ಪದ. ಬದನೆಕಾಯಿ ನಂಜು, ಒಣಮೀನು ನಂಜು. 'ಆಪರೇಷನ್ ಆಗಿ 30 ದಿನ ನಂಜಾಗದಂತೆ ನೋಡಿಕೊಳ್ಳಿ' ಅಂತ ಬರೆದರೆ ಮನೆಯ ಹಿರಿಯರು ಮೊದಲು ಮೊಟ್ಟೆ, ಬೇಳೆ ಎಲ್ಲಾ ನಿಲ್ಲಿಸಿ ಬರೀ ಗಂಜಿ ಬಡಿಸುತ್ತಾರೆ, ಅಲ್ವಾ? ಗಾಯ ಮಾಯೋಕೆ ಪ್ರೋಟೀನೇ ಬೇಕು. ಮೈಯಲ್ಲಿ ಸತ್ವ ಇಲ್ಲದವರ ಗಾಯ ಬೇಗ ಕೂಡೋದಿಲ್ಲ. ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಬೊಜ್ಜು, ರಕ್ತ ಕಡಿಮೆ ಇರೋದು, ತುರ್ತಾಗಿ ಮಾಡಿದ ಅಥವಾ ತುಂಬಾ ಹೊತ್ತು ಹಿಡಿದ ಆಪರೇಷನ್, ತೊಂದರೆ ಜಾಸ್ತಿ ಕಾಣೋದು ಇಂಥ ಕಡೆ. ಸುಮ್ನೆ ಬದನೆಕಾಯಿಯನ್ನು ಬೈದು ಏನು ಬಂತು? ಅದಕ್ಕೇ ನಾನು ಸದ್ಯಕ್ಕೆ 'ಗಾಯ ಕೀವಾಗೋದು' ಅಂತ ಬರೆದಿದ್ದೇನೆ, ಕೀವು ಕಾಣುವ ಮೊದಲಿನ ಹಂತ ಅದರಲ್ಲಿ ಬಿಟ್ಟುಹೋಗುತ್ತದೆ ಅನ್ನೋದು ಗೊತ್ತು.

ಇನ್ನೊಂದು, ಹೊಲಿಗೆ. ಡಾಕ್ಟರು ಹೊಲಿಗೆ ಬಿಚ್ಚಿದರೆ ಒಳ್ಳೇ ಸುದ್ದಿ, ತಾನೇ ಬಿಚ್ಚಿಕೊಂಡರೆ ಆಸ್ಪತ್ರೆಗೆ ಓಡಬೇಕು. ಫೋನಿನಲ್ಲಿ 'ಹೊಲಿಗೆ ಬಿಚ್ಚಿದೆ' ಅಂದರೆ ಯಾವುದು ಅಂತ ತಿಳಿಯೋದು? 'ಗಾಯ ಬಾಯಿ ಬಿಟ್ಟಿದೆ' ನನಗೆ ಇಷ್ಟ, ಹೊಲಿಗೆ ತೆಗೆದಮೇಲೆ ಗಾಯ ಬಿರಿದರೂ ಅದು ಸಲ್ಲುತ್ತದೆ.

ಹೊಟ್ಟೆಯ ಗಾಯ ಹೀಗೆ ಬಿರಿಯುವ ಮೊದಲು ತಿಳಿಗೆಂಪು ನೀರು ಸೋರಬಹುದು. ಅದು ಕೀವಲ್ಲ, ರಕ್ತವೂ ಅಲ್ಲ. 'ರಸಿಗೆ' ಅನ್ನಬಹುದಾ? ಕೆಲವರಿಗೆ ರಸಿಗೆ ಅಂದರೂ ಕೀವೇ. ನಿಮ್ಮ ಊರಲ್ಲಿ ಹೇಗೆ ಅಂತ, ಊರಿನ ಹೆಸರು ಸೇರಿಸಿ ಬರೆಯಿರಿ.